ಹನ್ನೊಂದು ಚಳಿಗಾಲ ಆರದ ಒಲೆ

ಅಕ್ಟೋಬರ್ ೧೪

ಅಮ್ಮನಿಗೆ,

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ ಮೂರನೇ ದಿನಕ್ಕೇ ಏಣಿ ಹತ್ತಿದೆಯಂತೆ, ನಿನ್ನ ಎದುರುಮನೆ ಟೈಲರಮ್ಮ ಹೇಳಿದರು. ಬೇಡ ಅಂದರೆ ನೀನು ಕೇಳುವವಳಲ್ಲ, ಅದಕ್ಕೇ ಅನ್ನುವುದಿಲ್ಲ.

ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತೇನೆ ಅಂತ ನಿನಗೆ ಬೇಸರ. ಇಲ್ಲಿ ಫೋನಿರುವುದು ನಡುಮನೆಯಲ್ಲಿ, ಅತ್ತೆಯ ಕುರ್ಚಿಗೆ ಅಂಟಿಕೊಂಡು. ಅವರು ಕೇಳಿಸಿಕೊಳ್ಳದವರ ಹಾಗೆ ಉಣ್ಣೆ ಹೆಣೆಯುತ್ತಿರುತ್ತಾರೆ, ಆದರೆ ನಾನು ದನಿ ತಗ್ಗಿಸಿದ ಕೂಡಲೇ ಹೆಣಿಗೆ ನಿಲ್ಲುತ್ತದೆ. ಆದ್ದರಿಂದ ಇನ್ನು ಮುಂದೆ ಕಾಗದ. ನೀನೂ ಬರಿ, ಆದರೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ವಿಳಾಸಕ್ಕೆ ಬರಿ.

ಅತ್ತೆ ಕೆಟ್ಟವರಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವರು, ಅಷ್ಟೇ. 'ನನಗೆ ಗೊತ್ತಿಲ್ಲ' ಅನ್ನುವ ಮಾತು ಅವರ ಬಾಯಿಂದ ಇನ್ನೂ ಕೇಳಿಲ್ಲ. ಇವರು ಸೇತುವೆ ಕೆಲಸದ ಮೇಲೆ ಹೋದರೆ ಹದಿನೈದು ದಿನಕ್ಕೊಮ್ಮೆ ಬರುವುದು. ಅಲ್ಲಿಯವರೆಗೆ ನಾವಿಬ್ಬರೇ, ಮತ್ತೆ ಒಲೆ.

ಒಲೆಯ ವಿಷಯ ನಿನಗೆ ಹೇಳಲೇಬೇಕು. ನಡುಮನೆಯಲ್ಲಿ ಕಬ್ಬಿಣದ ದೊಡ್ಡ ಕಟ್ಟಿಗೆ ಒಲೆ ಇದೆ, ಮುಂದೆ ಗಾಜಿನ ಬಾಗಿಲು. ಇಡೀ ಮನೆ ಬೆಚ್ಚಗಾಗುವುದು ಅದರಿಂದಲೇ. ಹೋದ ವಾರ ಮೊದಲ ಚಳಿ ಬಿದ್ದ ದಿನ ಇವರು ಹಚ್ಚಿಕೊಟ್ಟು ಕೆಲಸಕ್ಕೆ ಹೋದರು. ಆಮೇಲೆ ಅದು ಆರಿಯೇ ಇಲ್ಲ. ಬೇಸಿಗೆ ಬರುವವರೆಗೂ ಆರುವುದಿಲ್ಲವಂತೆ. 'ಹನ್ನೊಂದು ಚಳಿಗಾಲ ಆಯ್ತು, ಒಂದು ದಿನವೂ ಈ ಒಲೆ ಆರೋಕೆ ಬಿಟ್ಟಿಲ್ಲ' ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಮಲಗುವ ಮುಂಚೆ ಒಂದು ದಪ್ಪ ಹಸಿ ಕೊರಡು ಹುಡುಕಿ ಒಳಗಿಟ್ಟು, ಗಾಳಿ ಕಿಂಡಿ ಪೂರ್ತಿ ಮುಚ್ಚಿಬಿಡುತ್ತಾರೆ. ಹಸಿಯದೇ ಏಕೆ ಅಂದರೆ ಅದು ಬೆಳಗಿನ ತನಕ ಬರುತ್ತದಂತೆ. ಇದು ಸರಿಯೋ ತಪ್ಪೋ? ನಿನ್ನ ಮುಖ ಈಗ ಹೇಗಾಗಿದೆ ಅಂತ ನನಗೆ ಗೊತ್ತು.

ಇನ್ನೊಂದು ವಿಷಯ. ಮದುವೆಗೆ ಮುಂಚೆ ಅತ್ತೆ 'ನಿಮ್ಮಮ್ಮನ ಕೆಲಸ ಏನು?' ಅಂತ ಕೇಳಿದ್ದರು. ಮನೆಗಳ ಸುರಕ್ಷತೆ ನೋಡಿಕೊಳ್ಳುವುದು ಅಂದೆ. ಸುಳ್ಳಲ್ಲವಲ್ಲ. ಅವರು ಅದನ್ನು ಸರ್ಕಾರಿ ಇಲಾಖೆ ಅಂದುಕೊಂಡರು, ನಾನು ತಿದ್ದಲು ಹೋಗಲಿಲ್ಲ. ಇವರಿಗೆ ನಿಜ ಗೊತ್ತು. ಮದುವೆ ರಿಜಿಸ್ಟರ್ ಆದ ದಿನ ನೀನು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ, ಹಾಗಾಗಿ ಅತ್ತೆ ನಿನ್ನನ್ನು ನೋಡಿಯೂ ಇಲ್ಲ. ಅವರಿಂದ ಏನಾದರೂ ಕಾಗದ ಬಂದರೆ ಸ್ವಲ್ಪ ನೋಡಿಕೊಂಡು ಉತ್ತರ ಬರಿ.

ನಿನ್ನ,
ಸೂಜಿ


ಅಕ್ಟೋಬರ್ ೨೧

ಸೂಜಿಗೆ,

ನಿನ್ನ ಕಾಗದಕ್ಕಿಂತ ಎರಡು ದಿನ ಮುಂಚೆಯೇ ನಿನ್ನ ಅತ್ತೆಯ ಕಾಗದ ಬಂದಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. 'ತಾವು ಉನ್ನತ ಹುದ್ದೆಯಲ್ಲಿರುವುದು ತಿಳಿದು ಸಂತೋಷವಾಯಿತು' ಅಂತ ಬರೆದಿದ್ದಾರೆ. ಉನ್ನತ ಅನ್ನುವುದು ನಿಜ, ಮೊನ್ನೆ ನಾಲ್ಕು ಮಹಡಿಯ ಮೇಲಿದ್ದೆ.

ನನಗೆ ನೋವಾಯಿತು, ಸೂಜಿ. ಒಂದು ಸಲ ಹೇಳಿ ಮುಗಿಸುತ್ತೇನೆ. ಶಾಲೆಯಲ್ಲಿ ನಿನ್ನನ್ನು 'ಮಸಿಮರಿ' ಅಂತ ಕರೆಯುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ನಾನು ಗೇಟಿನ ಹತ್ತಿರ ಬಂದು ನಿಲ್ಲದೆ ಬೀದಿಯ ಕೊನೆಯಲ್ಲಿ ಕಾಯುತ್ತಿದ್ದದ್ದು ಅದಕ್ಕೇ. ನಿನಗೆ ಅದು ಗೊತ್ತಿತ್ತೋ ಇಲ್ಲವೋ. ನಾನು ಚಿಮಣಿ ಗುಡಿಸಿಯೇ ನಿನ್ನನ್ನು ಓದಿಸಿದೆ ಅಂತೆಲ್ಲ ಬರೆಯುವುದಿಲ್ಲ, ಅದು ಸಿನಿಮಾ ಮಾತಾಗುತ್ತದೆ. ನಿನ್ನ ಅತ್ತೆಗೆ ಉತ್ತರ ಬರೆದಿದ್ದೇನೆ. ನಿನಗೆ ಬೆಳಿಗ್ಗೆ ಏಳುವುದು ಕಷ್ಟ ಅಂತ ತಿಳಿಸಿದ್ದೇನೆ, ಕೆಲಸದ ಮಾತೇ ಎತ್ತಿಲ್ಲ.

ಈಗ ಒಲೆ. ಅದು ತಪ್ಪು, ತಪ್ಪು, ತಪ್ಪು. ಬೆಂಕಿ ಆರದ ಒಲೆ ಅಂತ ಅವರು ಹೆಮ್ಮೆ ಪಡುತ್ತಿದ್ದಾರೆ, ಆದರೆ ಅದು ಉರಿಯುತ್ತಿಲ್ಲ, ಹೊಗೆಯಾಡುತ್ತಿದೆ. ಹಸಿ ಕಟ್ಟಿಗೆ ತನ್ನ ನೀರನ್ನು ಒಣಗಿಸಿಕೊಳ್ಳುವುದರಲ್ಲೇ ಅರ್ಧ ಶಾಖ ಕಳೆದುಕೊಳ್ಳುತ್ತದೆ. ಉಳಿದದ್ದು ದಪ್ಪ ಹೊಗೆ. ಕಿಂಡಿ ಮುಚ್ಚಿದರೆ ಆ ಹೊಗೆ ತಣ್ಣಗೆ, ನಿಧಾನವಾಗಿ ಮೇಲೇರುತ್ತದೆ. ತಣ್ಣಗಿನ ಹೊಗೆ ಚಿಮಣಿಯ ಗೋಡೆಗೆ ಅಂಟುತ್ತದೆ. ಮೊದಲು ಪುಡಿ ಮಸಿ, ಆಮೇಲೆ ಚಕ್ಕೆ, ಕೊನೆಗೆ ಕಪ್ಪು ಟಾರು, ಬಾಗಿಲಿಗೆ ವಾರ್ನಿಷ್ ಬಳಿದ ಹಾಗೆ ಹೊಳೆಯುತ್ತದೆ. ಆ ಟಾರು ಏನು ಗೊತ್ತಾ? ಅದೇ ಕಟ್ಟಿಗೆಯ ಒಳ್ಳೇ ಎಣ್ಣೆ. ಒಂದು ದಿನ ಒಂದು ದೊಡ್ಡ ಜ್ವಾಲೆ ಅಲ್ಲಿಗೆ ತಲುಪಿದರೆ ಸಾಕು, ಚಿಮಣಿಯೇ ಒಲೆಯಾಗುತ್ತದೆ.

ನೀನು ಮಾಡಬೇಕಾದದ್ದು ಇಷ್ಟು. ಕಟ್ಟಿಗೆಯ ಎರಡು ತುಂಡು ಒಂದಕ್ಕೊಂದು ಬಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಿದ್ದರೆ ದಬ್ ಅನ್ನುತ್ತದೆ. ಇನ್ನೂ ಅನುಮಾನವಿದ್ದರೆ ತುಂಡಿನ ಒಂದು ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ಇನ್ನೊಂದು ತುದಿಯಿಂದ ಊದು. ನೊರೆ ಬಂದರೆ ಕಟ್ಟಿಗೆ ಒಣಗಿದೆ ಅಂತ. ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕ ಗಾಳಿಯಾಡಲು ಬಿಟ್ಟು ಎರಡು ಬೇಸಿಗೆ ಇಟ್ಟ ಕಟ್ಟಿಗೆಯನ್ನೇ ಸುಡಬೇಕು. ದೊಡ್ಡ ಮಂದ ಬೆಂಕಿಗಿಂತ ಚಿಕ್ಕ ಚುರುಕು ಬೆಂಕಿ ಮೇಲು. ಮಲಗುವಾಗ ಆರಿದರೆ ಆರಲಿ. ಬೆಳಿಗ್ಗೆ ಮತ್ತೆ ಹಚ್ಚಿಕೊಂಡರಾಯಿತು, ಅದರಲ್ಲೇನಿದೆ?

ಚಿಮಣಿಯನ್ನು ಕೊನೆಯ ಸಲ ಗುಡಿಸಿದ್ದು ಯಾವಾಗ? ಕೇಳಿ ಬರಿ.

ಅಮ್ಮ


ನವೆಂಬರ್ ೧೮

ಅಮ್ಮನಿಗೆ,

ತಡವಾಯಿತು. ಬರೆಯಲು ಕೂತು ನಾಲ್ಕು ಸಲ ಎದ್ದೆ. ಬೀದಿಯ ಕೊನೆಯಲ್ಲಿ ಕಾಯುತ್ತಿದ್ದೆಯಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೆಳತಿಯರ ಜೊತೆ ಬೇಕೆಂದೇ ನಿಧಾನವಾಗಿ ಹೊರಗೆ ಬರುತ್ತಿದ್ದೆ, ಅವರೆಲ್ಲ ಹೋಗಲಿ ಅಂತ. ಅದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ಒಲೆಯ ಸಮಾಚಾರಕ್ಕೆ ಬರುತ್ತೇನೆ. ಕಟ್ಟಿಗೆ ಬಡಿದು ನೋಡಿದೆ. ದಬ್. ಎಲ್ಲವೂ ದಬ್. ಸೋಪಿನ ಪರೀಕ್ಷೆಯನ್ನೂ ಮಾಡೋಣ ಅಂತ ಭಾನುವಾರ ಹಿತ್ತಲಿನ ಶೆಡ್ಡಿನಲ್ಲಿ ಒಂದು ಕೊರಡಿಗೆ ಬಾಯಿಟ್ಟು ಗಲ್ಲ ಉಬ್ಬಿಸಿ ಊದುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ನಿಂತಿದ್ದಾರೆ. 'ಏನಮ್ಮಾ ಅದು, ಕೊಳಲಾ?' ಅಂದರು. ಅವರು ತಮಾಷೆ ಮಾಡಿದ್ದು ನಾನು ನೋಡಿದ್ದು ಅದೇ ಮೊದಲು. ಪತ್ರಿಕೆಯಲ್ಲಿ ಓದಿದೆ ಅಂದೆ. 'ಪತ್ರಿಕೆಯೋರು ಯಾವತ್ತಾದ್ರೂ ಒಲೆ ಮುಂದೆ ಕೂತಿದ್ದಾರಾ?' ಅಂದು ಒಳಗೆ ಹೋದರು.

ಚಿಮಣಿ ಗುಡಿಸಿದ್ದು ಯಾವಾಗ ಅಂತ ಕೇಳಿದೆ. ಮಾವನವರು ಇದ್ದಾಗ ಪ್ರತಿ ವರ್ಷ ಗುಡಿಸುವವರು ಬರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಈ ಹನ್ನೊಂದು ವರ್ಷ ಯಾರನ್ನೂ ಕರೆದಿಲ್ಲ. ಏಕೆಂದರೆ ಗುಡಿಸಬೇಕಾದರೆ ಒಲೆ ಆರಿಸಬೇಕು, ಅತ್ತೆ ಆರಿಸುವುದಿಲ್ಲ. ಹಾಗಿದ್ದರೆ ಬೇಸಿಗೆಯಲ್ಲಿ ಕರೆಯಬಹುದಿತ್ತಲ್ಲ ಅಂದೆ. 'ಬೇಸಿಗೇಲಿ ಯಾರಿಗೆ ಒಲೆ ನೆನಪಿರುತ್ತೆ?' ಅಂದರು. ಅದೂ ಅಲ್ಲದೆ ಅವರ ಹತ್ತಿರ ಬೇರೆ ಮದ್ದಿದೆ. ವಾರಕ್ಕೊಮ್ಮೆ ಒಂದು ಬುಟ್ಟಿ ಆಲೂಗಡ್ಡೆ ಸಿಪ್ಪೆ ಬೆಂಕಿಗೆ ಸುರಿಯುತ್ತಾರೆ. ಅದರಿಂದ ಮಸಿಯೆಲ್ಲ ತಾನಾಗಿ ಉದುರುತ್ತದಂತೆ. ಸಿಪ್ಪೆ ಬೇಕು ಅಂತ ನಾವು ವಾರದಲ್ಲಿ ನಾಲ್ಕು ದಿನ ಆಲೂಗಡ್ಡೆ ತಿನ್ನುತ್ತಿದ್ದೇವೆ. ನಾನು ಎರಡು ಕೆಜಿ ದಪ್ಪಗಾಗಿದ್ದೇನೆ.

ನಾನು ಗಟ್ಟಿಯಾಗಿ ಹೇಳಬಹುದು ಅಮ್ಮಾ. ಆದರೆ 'ನಿನಗೆ ಹೇಗೆ ಗೊತ್ತು?' ಅಂತ ಕೇಳುತ್ತಾರೆ. ಆಮೇಲೆ ನಾನು ಏನು ಹೇಳಲಿ?

ನಿನ್ನ,
ಸೂಜಿ


ನವೆಂಬರ್ ೨೪

ಸೂಜಿಗೆ,

'ನಿನಗೆ ಹೇಗೆ ಗೊತ್ತು' ಅಂದರೆ ಏನು ಹೇಳಬೇಕು ಅನ್ನುವುದು ನಿನಗೆ ಗೊತ್ತಿದೆ, ನನ್ನನ್ನು ಕೇಳಬೇಡ.

ಆಲೂಗಡ್ಡೆ ಸಿಪ್ಪೆಯಿಂದ ಯಾವ ಟಾರೂ ಬಿಡುವುದಿಲ್ಲ. ಈ ಮದ್ದನ್ನು ಯಾರು ಕಂಡುಹಿಡಿದರೋ, ಅವರು ಸಿಕ್ಕಿದರೆ ನನ್ನ ಬ್ರಷ್‌ನಿಂದಲೇ ಅವರ ಬೆನ್ನು ಉಜ್ಜುತ್ತೇನೆ.

ಹನ್ನೊಂದು ವರ್ಷ ಅಂದದ್ದು ಓದಿ ಊಟ ಸೇರಲಿಲ್ಲ. ನಾಳೆ ಬೆಳಕಿರುವಾಗ ಮೂರು ವಿಷಯ ನೋಡಿ ನಿಜ ಬರಿ, ನನ್ನನ್ನು ಸಮಾಧಾನಪಡಿಸುವುದಕ್ಕೆ ಬರೆಯಬೇಡ. ಗಾಜು ಎಷ್ಟು ಕಪ್ಪಾಗಿದೆ? ಒಲೆಯಿಂದ ಗೋಡೆಗೆ ಹೋಗುವ ಕೊಳವೆಯ ಜೋಡಣೆಯಲ್ಲಿ ಕಪ್ಪು ನೀರು ಒಸರಿದೆಯಾ? ಚಿಮಣಿ ಯಾರ ಕೋಣೆಯ ಗೋಡೆಯೊಳಗೆ ಹಾದುಹೋಗುತ್ತದೆ?

ಬೂದಿಯನ್ನು ತಗಡಿನ ಬಕೆಟ್ಟಿನಲ್ಲೇ ತೆಗೆಯುತ್ತೀರಾ? ರಟ್ಟಿನ ಡಬ್ಬಿಯಲ್ಲಲ್ಲ ತಾನೇ? ಬೂದಿಯಲ್ಲಿ ಕೆಂಡ ಎರಡು ದಿನ ಬದುಕಿರುತ್ತದೆ. ಇದನ್ನಂತೂ ನಿನಗೆ ನಾಲ್ಕು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದೆ.

ಅಮ್ಮ


ಡಿಸೆಂಬರ್ ೨

ಅಮ್ಮನಿಗೆ,

ಬೂದಿ ತಗಡಿನ ಬಕೆಟ್ಟಿನಲ್ಲೇ, ಅದೊಂದು ಸರಿ ಇದೆ. ಗಾಜು ಶಾಲೆಯ ಕಪ್ಪುಹಲಗೆಯ ಹಾಗಾಗಿದೆ. ಕೊಳವೆಯ ಜೋಡಣೆಯಲ್ಲಿ ಒಸರಿ ಒಣಗಿದ ಗೆರೆಗಳಿವೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಸೋಪಿಗೂ ಹೋಗುವುದಿಲ್ಲ. ಅಂಗಡಿಯಲ್ಲಿ ಗಿರಾಕಿಯ ಕನ್ನಡಕದ ಮೇಲೆ ನನ್ನ ಬೆರಳ ಗುರುತು ಬಿತ್ತು. ಚಿಮಣಿ ಹೋಗುವುದು ಅತ್ತೆಯ ಮಲಗುವ ಕೋಣೆಯ ಗೋಡೆಯೊಳಗೆ. ಮಂಚದ ತಲೆಕಡೆ ಅದೇ ಗೋಡೆ. ಬೆಚ್ಚಗಿರುತ್ತದೆ ಅಂತ ಅವರೇ ಮಂಚ ಅಲ್ಲಿಗೆ ಸರಿಸಿಕೊಂಡಿದ್ದಾರೆ.

ಇನ್ನೊಂದು ಆಯಿತು. ಇವತ್ತು ಶನಿವಾರ ಮಧ್ಯಾಹ್ನ ಅತ್ತೆ ಒಂದು ಹಳೇ ರಟ್ಟಿನ ಪೆಟ್ಟಿಗೆ ಹರಿದು ಒಲೆಗೆ ಹಾಕಿ ಕಿಂಡಿ ತೆರೆದರು. ಜ್ವಾಲೆ ಧಗ್ ಅಂತ ಎದ್ದಿತು. ಒಂದು ನಿಮಿಷದಲ್ಲಿ ಗೋಡೆಯೊಳಗೆ ಗುಂಯ್ ಅಂತ ಶಬ್ದ, ದೂರದಲ್ಲಿ ಗೂಡ್ಸ್ ರೈಲು ಹೋಗುವ ಹಾಗೆ. ನನ್ನ ಚಿಕ್ಕಂದಿನಲ್ಲಿ ನೀನು ಹೇಳಿದ್ದು ನೆನಪಾಗಿ ಓಡಿಹೋಗಿ ಕಿಂಡಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಶಬ್ದ ನಿಂತಿತು. 'ಗಾಳಿ ಜೋರಾಗಿದೆ ಇವತ್ತು' ಅಂದರು ಅತ್ತೆ. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ ಅಮ್ಮಾ.

ಸೂಜಿ


ಡಿಸೆಂಬರ್ ೫

ಸೂಜಿಗೆ,

ಅದು ಗಾಳಿಯಲ್ಲ. ಚಿಮಣಿಗೆ ಬೆಂಕಿ ತಗುಲಿ, ನೀನು ಕಿಂಡಿ ಮುಚ್ಚಿದ್ದರಿಂದ ಉಸಿರು ಸಿಗದೆ ಸತ್ತಿದೆ. ಸರಿಯಾಗಿ ಮಾಡಿದೆ. ಮತ್ತೆ ಆ ಶಬ್ದ ಬಂದರೆ ಕಿಂಡಿ ಮುಚ್ಚು, ಅತ್ತೆಯನ್ನು ಕರೆದುಕೊಂಡು ಹೊರಗೆ ಬಾ, ಅಗ್ನಿಶಾಮಕದವರಿಗೆ ಫೋನ್ ಮಾಡು. ಒಲೆಗೆ ನೀರು ಸುರಿಯಬೇಡ, ಕೆಂಪಗೆ ಕಾದ ಕಬ್ಬಿಣ ಸೀಳಿಹೋಗುತ್ತದೆ.

ಹನ್ನೊಂದನೇ ತಾರೀಕು ನಾನೇ ಬರುತ್ತೇನೆ. ಹತ್ತು ಗಂಟೆಗೆ, ಬ್ರಷ್ಷು ಏಣಿ ಸಮೇತ. ಅಳಿಯಂದಿರಿಗೆ ಫೋನ್ ಮಾಡಿದ್ದೆ. ಗುಡಿಸುವವರನ್ನು ಗೊತ್ತುಮಾಡಿದ್ದು ತಾನೇ ಅಂತ ಅವರು ತಾಯಿಗೆ ಹೇಳುತ್ತಾರೆ, ಮಗನ ಮಾತು ತೆಗೆದುಹಾಕುವುದಿಲ್ಲವಂತೆ. ಅಲ್ಲಿಯವರೆಗೆ ರಟ್ಟು, ಪೇಪರು ಹಾಕಿ ಜ್ವಾಲೆ ಏಳಿಸದಂತೆ, ಹತ್ತನೇ ತಾರೀಕಿನಿಂದ ಒಲೆಗೆ ಕಟ್ಟಿಗೆಯನ್ನೇ ಹಾಕದಂತೆ ನೀನು ನೋಡಿಕೋ.

ನೀನು ನನ್ನ ಗುರುತು ಹಿಡಿಯಬೇಕಾಗಿಲ್ಲ. ತಲೆಗೆ ಬಟ್ಟೆ, ಮುಖಕ್ಕೆ ಮಾಸ್ಕು, ಮಿಕ್ಕದ್ದನ್ನು ಮಸಿ ನೋಡಿಕೊಳ್ಳುತ್ತದೆ. ನೀನು ಮನೆಯ ಸೊಸೆ, ನಾನು ಚಿಮಣಿ ಗುಡಿಸುವವಳು. ಕೆಲಸ ಮುಗಿಸಿ ಹೋಗುತ್ತೇನೆ.

ಅಮ್ಮ


ಡಿಸೆಂಬರ್ ೧೨

ಸೂಜಿಗೆ,

ಬಸ್ಸು ಇಳಿದು ಮನೆ ಸೇರಿದಾಗ ಏಳು ಗಂಟೆ. ನಿನ್ನೆ ಅಲ್ಲಿ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ, ಗಮನವಿಟ್ಟು ಓದು.

ಬ್ರಷ್ಷಿಗೆ ಬಂದದ್ದು ಎರಡು ಚೀಲ ಮಸಿ ಮತ್ತು ಚಕ್ಕೆ. ಅದರ ಅಡಿಯಲ್ಲಿ ಟಾರು, ಹೆಬ್ಬೆರಳ ದಪ್ಪ, ಗಾಜಿನ ಹಾಗೆ ಗಟ್ಟಿ. ಅದಕ್ಕೆ ಬ್ರಷ್ ಸಾಲದು, ತಿರುಗುವ ಸರಪಣಿ ಬೇಕು. ಅದು ನನ್ನ ಹತ್ತಿರ ಇಲ್ಲ, ಪಕ್ಕದ ಊರಿನವರಿಂದ ತರಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೇಲಿನಿಂದ ದೀಪ, ಕನ್ನಡಿ ಇಳಿಸಿ ನೋಡಿದೆ. ಶನಿವಾರದ ಬೆಂಕಿಗೆ ಒಳಗಿನ ಸುಟ್ಟಮಣ್ಣಿನ ಕೊಳವೆ ಬಿರುಕು ಬಿಟ್ಟಿದೆ. ಕಿರುಬೆರಳು ಹೋಗುವಷ್ಟು ಅಗಲ. ಅದರಾಚೆ ಮರದ ತೊಲೆ ಕಾಣುತ್ತದೆ. ಆ ತೊಲೆಯ ಈಚೆ ನಿನ್ನ ಅತ್ತೆಯ ದಿಂಬು. ಇನ್ನೊಂದು ಸಲ ಬೆಂಕಿ ಅಲ್ಲಿಗೆ ತಲುಪಿದರೆ ಗೋಡೆಯೊಳಗೇ ಮನೆ ಹತ್ತಿಕೊಳ್ಳುತ್ತದೆ, ಮಲಗಿದವರಿಗೆ ಗೊತ್ತಾಗುವುದು ಕೊನೆಗೆ.

ಇಪ್ಪತ್ತೆರಡು, ಶುಕ್ರವಾರ ಸರಪಣಿ ತರುತ್ತೇನೆ, ಸ್ಟೀಲ್ ಕೊಳವೆ ಇಳಿಸುವವರನ್ನೂ ಕರೆತರುತ್ತೇನೆ. ಅಲ್ಲಿಯವರೆಗೆ ಒಂದು ಕಡ್ಡಿಯೂ ಹಚ್ಚುವ ಹಾಗಿಲ್ಲ. ಬಾಗಿಲಿಗೆ ತಂತಿಯಲ್ಲಿ ಕೆಂಪು ಚೀಟಿ ಕಟ್ಟಿದ್ದೇನೆ. ನಾನು ಹೇಳುವಾಗ ನಿನ್ನ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಅಂಥ ನೋಟ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನಂಬದವರ ನೋಟ ಅದು. ನಾನು ಹೊರಟ ಮೇಲೆ ಉಳಿಯುವುದು ನಿನ್ನ ಮಾತು ಮಾತ್ರ.

ಚಹಾ ಚೆನ್ನಾಗಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿಯುವುದು ನನಗೆ ಹೊಸದಲ್ಲ, ನನ್ನ ಬಟ್ಟೆಯಿದ್ದ ಸ್ಥಿತಿಗೆ ನಾನಾದರೂ ಒಳಗೆ ಕರೆಯುತ್ತಿರಲಿಲ್ಲ. ನೀನು ಕಪ್ಪು ತಂದು 'ತಗೊಳ್ಳಿ' ಅಂದೆ. ನಿನ್ನನ್ನು ಹೆತ್ತು ಇಪ್ಪತ್ತೇಳು ವರ್ಷಕ್ಕೆ ನಿನ್ನ ಬಾಯಲ್ಲಿ ನನಗೆ ಬಹುವಚನ ಸಿಕ್ಕಿತು. ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ಮೊದಲು ನಗು ಬಂತು. ಆಮೇಲೆ ಅಳು ಬಂತು. ಪಕ್ಕದವರು ಕಿಟಕಿ ಮುಚ್ಚಿದರು, ಕಣ್ಣಿಗೆ ಧೂಳು ಬಿತ್ತು ಅಂದುಕೊಂಡರು ಪಾಪ.

ನಾನು ಮಾಡಬೇಕಾದದ್ದನ್ನು ಮಾಡಿದ್ದೇನೆ. ಇನ್ನು ನಿನ್ನ ಕೈಯಲ್ಲಿದೆ.

ಅಮ್ಮ


ಡಿಸೆಂಬರ್ ೧೫

ಅಮ್ಮಾ,

ಹೇಳಿಬಿಟ್ಟೆ.

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ಅಂಗಡಿಗೆ ಬಂತು. ಹಿಂದಿನ ಕೋಣೆಯಲ್ಲಿ ನಿಂತು ಓದಿದೆ. ದಿಂಬಿನ ಮಾತು ಓದಿದ ಮೇಲೆ ಕೂರಲಾಗಲಿಲ್ಲ. ತಲೆನೋವು ಅಂತ ಹೇಳಿ ಮನೆಗೆ ಹೊರಟೆ.

ಬಾಗಿಲು ತೆರೆದರೆ ಅತ್ತೆ ಒಲೆಯ ಮುಂದೆ ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಇಕ್ಕಳ, ನಿನ್ನ ಕೆಂಪು ಚೀಟಿ ನೆಲದ ಮೇಲೆ. ಒಲೆಯೊಳಗೆ ಅದೇ ದಪ್ಪ ಕೊರಡುಗಳು, ಅವುಗಳ ಅಡಿಗೆ ತುರುಕಿದ ಪೇಪರು. ಸುತ್ತಲೂ ಸುಟ್ಟ ಬೆಂಕಿಕಡ್ಡಿ, ಅರ್ಧ ಪೆಟ್ಟಿಗೆ ಖಾಲಿಯಾಗಿದೆ. ಪುಣ್ಯಕ್ಕೆ ಹತ್ತಿಕೊಂಡಿರಲಿಲ್ಲ. ನಾನು ಹೋಗಿ ಅವರ ಕೈಯಿಂದ ಬೆಂಕಿಪೆಟ್ಟಿಗೆ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ.

'ಏನೇ ಇದು? ಮೂರು ದಿನದಿಂದ ಮನೆ ಮಂಜುಗಡ್ಡೆ ಆಗಿದೆ' ಅಂದರು.

'ಹಚ್ಚಬಾರದು ಅಂತ ಹೇಳಿ ಹೋಗಿದ್ದಾರಲ್ಲ ಅತ್ತೆ. ಬಿರುಕು ಬಿಟ್ಟಿದೆ.'

'ಬಿರುಕು! ಬಂದೋರೆಲ್ಲ ಏನಾದ್ರೂ ಒಂದು ಹೇಳೇ ಹೇಳ್ತಾರೆ. ಆಕೆಗೆ ಇನ್ನೊಂದು ಸಲ ಬರೋಕೆ ಒಂದು ನೆಪ ಬೇಕು, ಅಷ್ಟೇ.'

'ಅವರು ಹಾಗೆ ಹೇಳೋರಲ್ಲ.'

'ನಿನಗೇನು ಗೊತ್ತು ಆಕೆ ವಿಷಯ?'

ಅಮ್ಮಾ, ನನಗೆ ಆ ಹೊತ್ತಿಗೆ ಯಾವ ನಾಚಿಕೆಯೂ ನೆನಪಾಗಲಿಲ್ಲ. ಇಷ್ಟು ದಿನ ಯಾವುದನ್ನು ಬಚ್ಚಿಟ್ಟೆನೋ ಅದೊಂದೇ ಅವರು ನಂಬುವ ಮಾತು ಅಂತ ಗೊತ್ತಾಯಿತು. 'ಗೊತ್ತು. ಆಕೆ ನನ್ನ ಅಮ್ಮ' ಅಂದೆ. 'ಇಲಾಖೆ ಇಲ್ಲ, ಹುದ್ದೆ ಇಲ್ಲ. ಇಪ್ಪತ್ತೈದು ವರ್ಷದಿಂದ ಚಿಮಣಿ ಗುಡಿಸ್ತಾಳೆ. ಒಂದು ಮನೇಲೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು.'

ಅತ್ತೆ ನೆಲದ ಮೇಲಿದ್ದ ಕೆಂಪು ಚೀಟಿ ಎತ್ತಿಕೊಂಡರು. ಆಮೇಲೆ, 'ಮೆಟ್ಟಿಲ ಮೇಲೆ ಕೂತಿದ್ದೋರಾ?' ಅಂದರು.

'ಹೂಂ.'

'ನಾನು ಅವರಿಗೆ ಹೊರಗೆ ಚಹಾ ಕೊಡಿಸಿದೆನಲ್ಲೇ.'

ಅತ್ತೆ ನನ್ನ ಕಡೆ ತಿರುಗಿ, 'ನೀನೇ ತಗೊಂಡು ಹೋಗಿ ಕೊಟ್ಟೆಯಲ್ಲ' ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೈಯಲಿಲ್ಲ. ಎದ್ದು ಮೇಲಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮಂಚ ಎಳೆಯುವ ಸದ್ದಾಯಿತು. ಹೋಗಿ ನೋಡಿದರೆ ಒಬ್ಬರೇ ಮಂಚವನ್ನು ಆ ಗೋಡೆಯಿಂದ ದೂರಕ್ಕೆ ಎಳೆಯುತ್ತಿದ್ದಾರೆ. ನಾನು ಇನ್ನೊಂದು ಕಡೆ ಹಿಡಿದುಕೊಂಡೆ.

ಈಗ ಮನೆಯಲ್ಲಿ ಒಂದೇ ಒಂದು ಕರೆಂಟ್ ಹೀಟರು. ಅದರ ಮುಂದೆ ಇಬ್ಬರೂ ಒಂದೇ ಕಂಬಳಿ ಹೊದ್ದು ಕೂತಿರುತ್ತೇವೆ. ಅವರು ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ, ಆದರೆ ಕಂಬಳಿ ನನ್ನ ಕಡೆ ಜಾರಿದರೆ ಎಳೆದುಕೊಳ್ಳುವುದಿಲ್ಲ.

ಆ ಮೆಟ್ಟಿಲ ಹತ್ತಿರ ನಾನು ಮಾಡಿದ್ದಕ್ಕೆ ನಿನ್ನನ್ನು ಕ್ಷಮೆ ಕೇಳಬೇಕು. ಕಾಗದದಲ್ಲಿ ಕೇಳುವುದಿಲ್ಲ. ನೀನು ಬಂದಾಗ ಅತ್ತೆಯ ಎದುರಿಗೇ ಕೇಳುತ್ತೇನೆ.

ಸೂಜಿ


ಡಿಸೆಂಬರ್ ೧೬

ಮಾನ್ಯ ಬೀಗಿತ್ತಿಯವರಿಗೆ,

ನಿಮ್ಮ ಮಗಳು ಎಲ್ಲವನ್ನೂ ಹೇಳಿದ್ದಾಳೆ, ನಿಮಗೂ ಬರೆದಿರುತ್ತಾಳೆ. ಅವಳ ಮೇಲೆ ನನಗೆ ಕೋಪವಿದೆ. ಸುಳ್ಳು ಹೇಳಿದ್ದಕ್ಕಲ್ಲ. ಮನೆಗೆ ಮೊದಲ ಸಲ ಬಂದ ಬೀಗಿತ್ತಿಯನ್ನು ನನ್ನಿಂದ ಹೊರಗೆ ಕೂರಿಸಿದ್ದಕ್ಕೆ. ಆದರೆ ಯೋಚಿಸಿದರೆ, ಬೀಗಿತ್ತಿ ಅಲ್ಲದಿದ್ದರೂ ಅಷ್ಟು ಎತ್ತರ ಹತ್ತಿ ಇಳಿದು ಬಂದ ಹೆಂಗಸನ್ನು ಹಾಗೆ ಕೂರಿಸಿದ್ದು ನನ್ನದೇ ತಪ್ಪು. ಅದನ್ನು ಅವಳ ತಲೆಗೆ ಕಟ್ಟಲು ಆಗುವುದಿಲ್ಲ.

ಒಂದು ವಿಷಯ ಬರೆಯಬೇಕು. ಎರಡು ಹಾಳೆ ಹರಿದು ಹಾಕಿದ್ದೇನೆ, ಇದು ಮೂರನೆಯದು.

ನೀವು ಬಂದ ದಿನ ನನ್ನನ್ನು ಕೇಳಿದಿರಿ, 'ಒಲೆ ಆರಿದರೆ ಏನಾಯ್ತಮ್ಮಾ, ಬೆಳಿಗ್ಗೆ ಹಚ್ಚಿಕೊಂಡರಾಯ್ತಲ್ಲ?' ಅಂತ. ನಾನು ಉತ್ತರ ಕೊಡದೆ ಕಿಟಕಿಯಾಚೆ ನೋಡಿದೆ. ನಿಮ್ಮ ಮಾತು ನಂಬದೆ ನೋಡಿದ್ದಲ್ಲ. ನನಗೆ ಒಲೆ ಹಚ್ಚಲು ಬರುವುದಿಲ್ಲ.

ನನ್ನ ಯಜಮಾನರು ಇದ್ದಾಗ ಪ್ರತಿ ಬೆಳಿಗ್ಗೆ ಅವರೇ ಹಚ್ಚುತ್ತಿದ್ದರು. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದೆ. ಮೂವತ್ತು ವರ್ಷ ಅದರ ಮುಂದೆ ಕೂತು ಚಹಾ ಕುಡಿದೆ, ಹೇಗೆ ಹಚ್ಚುತ್ತಾರೆ ಅಂತ ಒಂದು ದಿನವೂ ನೋಡಲಿಲ್ಲ. ಅವರು ತೀರಿಕೊಂಡ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬೆಂಕಿ ಆರಿತ್ತು. ಮಧ್ಯಾಹ್ನದವರೆಗೆ ಕೂತು ಪ್ರಯತ್ನಪಟ್ಟೆ. ಮನೆ ತುಂಬ ಹೊಗೆಯಾಯಿತು, ಬೆಂಕಿಯಾಗಲಿಲ್ಲ. ಸಂಜೆ ಮಗ ಬಂದು ಐದು ನಿಮಿಷದಲ್ಲಿ ಹಚ್ಚಿದ. ಮರೆತು ಆರಲು ಬಿಟ್ಟೆ ಅಂತ ಅವನಿಗೆ ಹೇಳಿದೆ. ಅವತ್ತಿನಿಂದ ಆರಲು ಬಿಟ್ಟಿಲ್ಲ. ಮಗ ವರ್ಷಕ್ಕೊಮ್ಮೆ ಹಚ್ಚಿಕೊಟ್ಟು ಹೋಗುತ್ತಾನೆ. ಅವನು ತಿರುಗಿ ಬರುವುದರೊಳಗೆ ಆರಿಹೋದರೆ ಏನು ಮಾಡಲಿ ಅನ್ನುವ ಭಯದಲ್ಲಿ ಹಸಿ ಕೊರಡು ಹಾಕಿ ಕಿಂಡಿ ಮುಚ್ಚುವುದನ್ನು ಕಲಿತೆ. ಜನ ಅದನ್ನು ಹೊಗಳಿದರು, ನಾನೂ ಹೆಮ್ಮೆಯ ಹಾಗೆಯೇ ಹೇಳುತ್ತ ಬಂದೆ.

ಮೊನ್ನೆ ನಿಮ್ಮ ಮಗಳು ಬರುವ ಹೊತ್ತಿಗೆ ನಾನು ಒಂದು ಗಂಟೆಯಿಂದ ಕಡ್ಡಿ ಗೀರುತ್ತಿದ್ದೆ. ಹಚ್ಚಲು ಬರುತ್ತಿದ್ದರೆ ಅವತ್ತು ಏನಾಗುತ್ತಿತ್ತು ಅಂತ ಯೋಚಿಸಿದರೆ ಮೈ ತಣ್ಣಗಾಗುತ್ತದೆ. ಒಲೆ ಏಕೆ ಹತ್ತಿಕೊಳ್ಳಲಿಲ್ಲ ಅಂತ ಅವಳಿಗೆ ಹೊಳೆದಿಲ್ಲ.

ಶುಕ್ರವಾರ ನಿಮ್ಮ ಕೆಲಸ ಮುಗಿದ ಮೇಲೆ, ಅವಳು ಅಂಗಡಿಗೆ ಹೋಗಿರುವಾಗ, ನನಗೆ ಹೇಳಿಕೊಡುತ್ತೀರಾ? ಅರವತ್ತಾರು ವರ್ಷದವಳು ಕೇಳುವ ಪ್ರಶ್ನೆಯಲ್ಲ ಇದು. ಅವಳಿಗೆ ಮಾತ್ರ ಹೇಳಬೇಡಿ.

ಇಂತಿ ನಿಮ್ಮ ಬೀಗಿತ್ತಿ


ಡಿಸೆಂಬರ್ ೧೮

ಬೀಗಿತ್ತಿಯವರಿಗೆ ನಮಸ್ಕಾರ.

ನೀವು ಕೇಳಿದ್ದು ಅರ್ಧ ಗಂಟೆಯ ಪಾಠ. ಕೆಳಗೆ ದಪ್ಪ ಒಣ ಕಟ್ಟಿಗೆ ಎರಡು, ಅದರ ಮೇಲೆ ಅಡ್ಡಲಾಗಿ ತೆಳುವಾದವು, ಎಲ್ಲಕ್ಕಿಂತ ಮೇಲೆ ಬೆರಳು ಗಾತ್ರದ ಸೀಳುಗಳು. ಕಿಂಡಿ ಪೂರ್ತಿ ತೆರೆದು, ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು, ಕೆಳಗಿನಿಂದಲ್ಲ. ಅದು ತಾನಾಗಿ ಕೆಳಗೆ ಇಳಿಯುತ್ತದೆ. ನೀವು ದಪ್ಪ ಹಸಿ ಕೊರಡಿನ ಅಡಿಗೆ ಪೇಪರು ತುರುಕಿದಿರಿ. ಹಾಗೆ ಮಾಡಿದರೆ ನನಗೂ ಹತ್ತುವುದಿಲ್ಲ, ಯಾರಿಗೂ ಹತ್ತುವುದಿಲ್ಲ. ಹತ್ತು ಸಲ ಹಚ್ಚಿ ಹತ್ತು ಸಲ ಆರಿಸೋಣ, ಆರುವ ಭಯ ಹೋಗಲಿ. ಒಲೆ ಆರುವುದು ಅದರ ಆರೋಗ್ಯಕ್ಕೂ ಒಳ್ಳೆಯದು, ನಿಮ್ಮ ನಿದ್ದೆಗೂ ಒಳ್ಳೆಯದು. ಒಣ ಕಟ್ಟಿಗೆ ಒಂದು ಗಾಡಿ ನಾನೇ ತರುತ್ತಿದ್ದೇನೆ, ನಿಮ್ಮ ಶೆಡ್ಡಿನದನ್ನು ಇನ್ನೆರಡು ಬೇಸಿಗೆ ಮುಟ್ಟಬೇಡಿ.

ಮೆಟ್ಟಿಲ ವಿಷಯ ಬಿಡಿ. ನನಗೆ ನೋವಾಗಿದ್ದು ನಿಮ್ಮಿಂದಲ್ಲ, ಅವಳಿಂದ. ಅವಳು ಅದನ್ನು ತೀರಿಸಿಬಿಟ್ಟಿದ್ದಾಳೆ.

ಇನ್ನು ನಿಮ್ಮ ಗುಟ್ಟು. ನನ್ನ ಬಾಯಿಂದ ಹೊರಗೆ ಬರುವುದಿಲ್ಲ, ನನ್ನನ್ನು ನಂಬಬಹುದು. ಆದರೆ ನನ್ನನ್ನು ಕೇಳಿದರೆ, ನೀವೇ ಅವಳಿಗೆ ಹೇಳಿ. ಆ ಕಂಬಳಿಯೊಳಗೆ ಕೂತು ಮೆಲ್ಲಗೆ ಹೇಳಿ. ಅವಳು ನಗುವುದಿಲ್ಲ. ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ನಿಮ್ಮ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ನಿಮ್ಮ ಬೀಗಿತ್ತಿ,
ಚಿಮಣಿ ಗುಡಿಸುವವಳು